ಕರು ನುಸುಳುವಷ್ಟು ಸಂದು

ಬಾಥೆಲ್
2 ಜೂನ್ 2024

ಮೊಮ್ಮಗಳು ತೇಜಶ್ರೀಗೆ,

ಹೇಗಿದ್ದೀಯ ಮಗ? ನಿನ್ನ ರೂಮಿನ ಹುಡುಗಿ ಶರ್ವಾಣಿ ಹೇಗಿದ್ದಾಳೆ, ಅವಳ ಕೆಮ್ಮು ಬಿಟ್ಟಿತೇ? ನಿನಗೆ ಕೆಲಸ ಹೇಳುವ ಲಾನಿಯಮ್ಮ ಕುದುರೆಯಿಂದ ಬಿದ್ದು ಮಂಡಿ ಊದಿಸಿಕೊಂಡಿದ್ದಾಳೆ ಎಂದು ನಿನ್ನ ಅಮ್ಮ ಹೇಳಿದಳು. ಈಗ ನಡೆಯುತ್ತಾಳೋ? ಅರಿಶಿನ ಬಿಸಿ ಮಾಡಿ ಹಚ್ಚಿಕೊಳ್ಳಲು ಹೇಳು.

ಇಲ್ಲಿ ನಿನ್ನ ಅಮ್ಮ ಸ್ಮಿತಾ ಚೆನ್ನಾಗಿದ್ದಾಳೆ. ಕ್ಯಾನ್ಯನ್ ಪಾರ್ಕಿನ ಆಫೀಸಿಗೆ ಈಗ ವಾರವೆಲ್ಲ ಹೋಗಬೇಕಾಗಿಲ್ಲವಂತೆ. ನಿನ್ನ ತಮ್ಮ ಚೇತನನಿಗೆ ಮುಂದಿನ ಹಲ್ಲು ಬಿದ್ದಿದೆ. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದ, ಈಗ ಆ ಇಂಗ್ಲಿಷೂ ಅರ್ಧ ಗಾಳಿ. ನನಗೆ ಸಕ್ಕರೆ ಹತೋಟಿಯಲ್ಲಿದೆ, ಬಾಯಿ ಹತೋಟಿಯಲ್ಲಿಲ್ಲ.

ನಿನ್ನ ಅಪ್ಪನ ಆರೋಗ್ಯ ಚೆನ್ನಾಗಿದೆ. ಬೆಳಗ್ಗೆ ಎವರೆಟ್ಟಿನ ವಿಮಾನದ ಕಾರ್ಖಾನೆಗೆ ಹೋಗುತ್ತಾನೆ, ಸಂಜೆ ಬರುತ್ತಾನೆ, ಉಣ್ಣುತ್ತಾನೆ. ನೀನು ಹೊರಡುವ ಹಿಂದಿನ ದಿನ ಅವನು ಅಂದದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. "ಕರುಗೆ ನೀನೇ ತಿನ್ನಿಸಿ ನೀನೇ ಲಾರಿ ಹತ್ತಿಸಿ ಕಟುಕರಿಗೆ ಕಳಿಸ್ತೀಯಾ? ಹೋಗು. ಆದ್ರೆ ನನಗೆ ಫೋನ್ ಮಾಡ್ಬೇಡ." ನೀನೂ ಅವನ ಮಗಳೇ ತಾನೆ, ಮಾಡಲಿಲ್ಲ.

ಮಾಂಸಕ್ಕೆ ದನ ಬೆಳೆಸುವ ಈ ಕೆಲಸ ನನಗೂ ಪೂರ್ತಿ ಒಪ್ಪಿಗೆಯಿಲ್ಲ ಕಣವ್ವ. ಕುರಿ ಕೋಳಿ ತಿನ್ನುವ ಮನೆ ನಮ್ಮದು, ಆದರೂ ದನದ ವಿಷಯ ಬೇರೆ. ಒಪ್ಪಿಗೆಯಿಲ್ಲದಿದ್ದರೆ ಬಯ್ಯಲಿ. ಮಾತು ಬಿಡುವುದು ಯಾವ ಸೀಮೆ ನ್ಯಾಯ?

ಅದಕ್ಕೇ ಒಂದು ಉಪಾಯ ಮಾಡಿದ್ದೇನೆ. ನಾನು ನಿನ್ನ ಜೊತೆ ಫೋನಿನಲ್ಲಿ ಮಾತಿಗೆ ಕೂತರೆ ಅವನು ಎದ್ದು ಗ್ಯಾರೇಜಿಗೆ ಹೋಗುತ್ತಾನೆ. ನೀನು ಕಾಗದ ಬರೆದರೆ, ಊಟದ ಹೊತ್ತಿನಲ್ಲಿ ನಾನು ಗಟ್ಟಿಯಾಗಿ ಓದುತ್ತೇನೆ. ಮುದ್ದೆ ಮುಂದೆ ಇಟ್ಟುಕೊಂಡ ಮನುಷ್ಯ ಎಲ್ಲಿಗೆ ಎದ್ದು ಹೋಗುತ್ತಾನೆ? ನೀನು ಅಲ್ಲಿ ಏನು ಮಾಡುತ್ತೀಯ ಎಂದು ಬಿಡಿಸಿ ಬರೆ. ತಾಯಿ ಮೊಲೆ ಕುಡಿಯುವ ಕರುವಿಗೆ ಬೇರೆ ಮೇವು ಯಾಕೆ ಹಾಕುತ್ತಾರೆ? ನನಗಂತೂ ತಿಳಿಯಲಿಲ್ಲ.

ಇಂತಿ ನಿನ್ನ ಅಜ್ಜಿ,
ಚಿಕ್ಕತಾಯಮ್ಮ


ಹವಾಯಿ
19 ಜೂನ್ 2024

ಪ್ರೀತಿಯ ಅಜ್ಜಿ,

ನಾನು ಚೆನ್ನಾಗಿದ್ದೇನೆ. ಒಂಬತ್ತನೇ ವಯಸ್ಸಿಗೆ ನಾಗಮಂಗಲ ಬಿಟ್ಟು ಈ ದೇಶಕ್ಕೆ ಬಂದವಳ ಕನ್ನಡ ಇದು, ತಪ್ಪಿದ್ದರೆ ಓದುವಾಗ ತಿದ್ದಿಕೋ. ಶರ್ವಾಣಿಗೆ ಕೆಮ್ಮಿಲ್ಲ. ಲಾನಿ ಅರಿಶಿನ ಹಚ್ಚಿಕೊಂಡಳು, ಈಗ ಅವಳ ಜೀನ್ಸೆಲ್ಲ ಹಳದಿ.

ನೀನು ಕೇಳಿದ್ದಕ್ಕೆ ಉತ್ತರ. ಇಲ್ಲಿ ನಮ್ಮೂರಲ್ಲಿದ್ದ ಗಿನಿ ಹುಲ್ಲೇ ಬೆಳೆಯುತ್ತದೆ. ಮಳೆಗಾಲದಲ್ಲಿ ಚೆನ್ನಾಗಿರುತ್ತದೆ. ಬೇಸಿಗೆ ಬಂದರೆ ಎದೆಮಟ್ಟ ನಿಂತಿರುತ್ತದೆ, ಆದರೆ ಬರೀ ಕಡ್ಡಿ, ಸತ್ವ ಇಲ್ಲ. ಇಲ್ಲಿನ ಹಸುಗಳನ್ನು ಯಾರೂ ಕರೆಯುವುದಿಲ್ಲ, ಹಾಲೆಲ್ಲ ಕರುವಿಗೇ. ಆದರೂ ಕರುವಿಗೆ ಮೂರು ನಾಲ್ಕು ತಿಂಗಳಾಗುವಾಗ ತಾಯಿಯ ಹಾಲು ಇಳಿಯುತ್ತದೆ, ಕರುವಿನ ಹಸಿವು ಏರುತ್ತದೆ. ಅದೇ ಹೊತ್ತಿಗೆ ಹುಲ್ಲೂ ಕೈಕೊಡುತ್ತದೆ. ಹಾಗಾಗಿ ಕರುವಿಗೆ ಮಾತ್ರ ಒಂದಿಷ್ಟು ಹಿಂಡಿ, ಜೋಳದ ನುಚ್ಚು, ಸ್ವಲ್ಪ ಕಬ್ಬಿನ ಕಾಕಂಬಿ ಕೊಡುತ್ತೇವೆ.

ತಾಯಿಗೆ ಸಿಗದ ಹಾಗೆ ಕೊಡುವುದು ಹೇಗೆ ಅಂದರೆ, ಹುಲ್ಲುಗಾವಲಿನ ಮಧ್ಯೆ ಒಂದು ಸಣ್ಣ ದೊಡ್ಡಿ ಕಟ್ಟಿ ಅದರೊಳಗೆ ತೊಟ್ಟಿ ಇಡುತ್ತೇವೆ. ದೊಡ್ಡಿಯ ಬಾಯಲ್ಲಿ ಕಂಬಗಳ ನಡುವೆ ಕರು ನುಸುಳುವಷ್ಟು ಸಂದು. ತಾಯಿ ಮೂತಿ ತೂರಿಸಬಹುದು, ಹೊಟ್ಟೆ ತೂರುವುದಿಲ್ಲ. ಎಷ್ಟು ಹಾಕಿದರೆ ಕರು ಮೈ ತುಂಬಿಕೊಳ್ಳುತ್ತದೆ, ಎಷ್ಟು ಹಾಕಿದರೆ ಹುಲ್ಲು ಮೇಯುವುದನ್ನೇ ಬಿಟ್ಟು ಸೋಮಾರಿಯಾಗುತ್ತದೆ, ಅದನ್ನು ನೋಡುವುದು ನನ್ನ ಕೆಲಸ. ಪಕ್ಕದ ಬೇಲಿಯೊಳಗೆ ಏನೂ ಕೊಡದೆ ಬೆಳೆಸುವ ಕರುಗಳಿವೆ, ಅವನ್ನು ನೋಡಿಕೊಳ್ಳುವವಳು ಶರ್ವಾಣಿ, ಕೊನೆಗೆ ಎರಡನ್ನೂ ತೂಗಿ ನೋಡುತ್ತೇವೆ.

ಕಷ್ಟ ಏನೆಂದರೆ ನನ್ನ ಕರುಗಳು ಒಳಗೆ ಹೋಗುತ್ತಲೇ ಇಲ್ಲ. ಸಂದಿನ ಹತ್ತಿರ ಬಂದು, ಮೂಸಿ, ಅಮ್ಮನ ಹಿಂದೆ ಓಡಿಹೋಗುತ್ತವೆ. ಹಿಂಡಿ ಎಂದರೆ ತಿನ್ನುವ ವಸ್ತು ಎಂದೇ ಅವಕ್ಕೆ ಗೊತ್ತಿಲ್ಲ. ನೀನು ಕರು ಸಾಕಿದವಳು, ಏನಾದರೂ ಹೇಳು.

ಊಟದ ಹೊತ್ತಿನಲ್ಲಿ ಓದುತ್ತೀಯ ತಾನೆ?

ನಿನ್ನ ತೇಜು


ಬಾಥೆಲ್
30 ಜೂನ್ 2024

ತೇಜು,

ಓದಿದೆ. ಒಂದಕ್ಷರ ಬಿಡದೆ ಓದಿದೆ. ಅರಿಶಿನದ ಜೀನ್ಸಿಗೆ ನಿನ್ನ ಅಮ್ಮ ಸಾರು ನೆತ್ತಿಗೆ ಹತ್ತಿಸಿಕೊಂಡಳು. ನಿನ್ನ ಅಪ್ಪ ಕೊನೆಯವರೆಗೂ ತಟ್ಟೆಯಿಂದ ಕಣ್ಣೆತ್ತಲಿಲ್ಲ. ಮುಗಿದ ಮೇಲೆ "ಸಾರಿಗೆ ಉಪ್ಪು ಕಮ್ಮಿ" ಎಂದ. ಉಪ್ಪು ಸರಿಯಾಗಿಯೇ ಇತ್ತು.

ಶನಿವಾರ ಕ್ರಾಸ್‌ರೋಡ್ಸ್ ಮಾಲಿಗೆ ಕರೆದುಕೊಂಡು ಹೋಗಿದ್ದರು. ಅಲ್ಲಿ ನಮ್ಮ ವಿಜಾಪುರದ ಕಮಲವ್ವ ಬೆಂಚಿನ ಮೇಲೆ ಜಾಗ ಹಿಡಿದು ಕೂತಿದ್ದಳು. ನಾನು ಕೂರುವ ಮೊದಲೇ ಶುರು ಮಾಡಿದಳು.

"ಏನವಾ ಚಿಕ್ಕತಾಯಿ, ನಿನ್ನ ಮೊಮ್ಮಗಳು ದನಾ ಕೊಯ್ಯೋ ಮಂದೀ ಕಡೆ ನೌಕರಿಗೆ ಹೋಗ್ಯಾಳಂತಲ್ಲ?"

"ಕೊಯ್ಯೋಕಲ್ಲ ಕಮಲವ್ವ, ಕರುಗೆ ಹಿಂಡಿ ಹಾಕೋಕೆ ಹೋಗವ್ಳೆ."

"ಅದಽ ಅಂತೀನಿ. ಇವತ್ತ ಹಿಂಡಿ, ನಾಳೆ?"

"ನಿನ್ನ ಮಗ ಬರ್ಗರ್ ಅಂಗಡಿಯವರಿಗೆ ಕಂಪ್ಯೂಟರ್ ಕೆಲಸ ಮಾಡಿಕೊಡ್ತಾನಲ್ಲ, ಅದರೊಳಗೆ ಏನು ಬದನೆಕಾಯಿ ಇಡ್ತಾರಾ?"

ಅವಳ ಗಂಡ ಸಂಗನಬಸಪ್ಪನವರು ಪೇಪರ್ ಮರೆಯಲ್ಲಿ ನಕ್ಕರು. ಕಮಲವ್ವ ಸ್ವಲ್ಪ ಹೊತ್ತು ಮುಖ ಊದಿಸಿಕೊಂಡು ಆಮೇಲೆ ನನಗೆ ಶೇಂಗಾ ಚಟ್ನಿಪುಡಿ ಕೊಟ್ಟಳು. ಅದಕ್ಕೇ ಅವಳನ್ನು ಕಂಡರೆ ನನಗಿಷ್ಟ.

ಈಗ ನಿನ್ನ ಕರುವಿನ ವಿಷಯ. ನಾವು ಕರುವಿಗೆ ಹಿಂಡಿ ರೂಢಿ ಮಾಡಿಸುತ್ತಿದ್ದುದು ಅಂಗೈಯಲ್ಲಿ. ನೆನೆಸಿದ ಹಿಂಡಿಗೆ ಚೂರು ಬೆಲ್ಲ ಕಲಸಿ ಉಂಡೆ ಮಾಡಬೇಕು. ನಿನಗೆ ಕಾಕಂಬಿ ಇದೆಯಲ್ಲ, ಅದೇ ಆಗುತ್ತದೆ. ಮೊದಲು ಮೂತಿಗೆ ಸವರು, ನೆಕ್ಕಿಕೊಳ್ಳುತ್ತದೆ. ಆಮೇಲೆ ಬೆರಳು ಚೀಪಿಸು. ಆಮೇಲೆ ಅಂಗೈ. ಕರು ನಾಲಿಗೆಗೆ ರುಚಿ ಹತ್ತಿಬಿಟ್ಟರೆ ಸಾಕು, ಹೆಸರು ಹಿಡಿದು ಕೂಗಿದರೆ ಬಾಲ ಎತ್ತಿಕೊಂಡು ಬರುತ್ತದೆ. ಮಾಡಿ ನೋಡಿ ತಿಳಿಸು.

ನಿನ್ನ ಅಜ್ಜಿ,
ಚಿಕ್ಕತಾಯಮ್ಮ


ಹವಾಯಿ
4 ಆಗಸ್ಟ್ 2024

ಪ್ರೀತಿಯ ಅಜ್ಜಿ,

ಇಷ್ಟು ದಿನ ಬರೆಯಲಿಲ್ಲ. ಬರೆಯಲು ನಾಚಿಕೆಯಾಗುತ್ತಿತ್ತು.

ನೀನು ಹೇಳಿದ ಹಾಗೇ ಮಾಡಿದೆ. ಮೂತಿ, ಬೆರಳು, ಅಂಗೈ. ಬಂದವು ಅಜ್ಜಿ, ಎಷ್ಟು ಚೆನ್ನಾಗಿ ಬಂದವು! ಮೊದಲು ಬಂದವನಿಗೆ ಕಾಕಂಬಿ ಅಂತ ಹೆಸರಿಟ್ಟೆ. ಆಮೇಲೆ ರಾಗಿ. ಹೊಟ್ಟೆ ಮುಂದೆ ಬಿಟ್ಟುಕೊಂಡು ನಡೆಯುವ ಒಬ್ಬನಿದ್ದಾನೆ, ಅವನು ದೊಡ್ಡಪ್ಪ. ಒಂದು ಹೆಣ್ಣುಗರು ಯಾರು ಏನು ಕೊಟ್ಟರೂ ತಲೆ ಅಲ್ಲಾಡಿಸಿ ಆಮೇಲೆ ತಿನ್ನುತ್ತದೆ, ಅದು ಚಿಕ್ಕತಾಯಿ. ಬೇಜಾರು ಮಾಡಿಕೊಳ್ಳಬೇಡ.

ಆದರೆ ಈಗ ಅವು ನನ್ನ ಕೈಯಿಂದಲ್ಲದೆ ತಿನ್ನುವುದೇ ಇಲ್ಲ. ತೊಟ್ಟಿ ತುಂಬ ಹಿಂಡಿ ಇದ್ದರೂ ಬಾಯಿ ಹಾಕುವುದಿಲ್ಲ. ನನ್ನ ಟ್ರಕ್ಕಿನ ಸದ್ದು ಕೇಳಿದರೆ ಓಡಿಬಂದು ಸಂದಿಗೆ ಅಡ್ಡ ನಿಂತು ಕಾಯುತ್ತವೆ. ಇವು ಅಲ್ಲಿ ನಿಂತಿರುವುದರಿಂದ ಬೇರೆ ಕರುಗಳೂ ಒಳಗೆ ಹೋಗಲು ಆಗುವುದಿಲ್ಲ. ಎಲ್ಲ ಕರುಗಳಿಗೂ ಅಂಗೈಯಲ್ಲಿ ತಿನ್ನಿಸಲು ನನಗೆ ಎಷ್ಟು ಕೈ ಬೇಕು? ತೂಗಿ ನೋಡಿದರೆ ಪಕ್ಕದ ಬೇಲಿಯ ಕರುಗಳಿಗೂ ನನ್ನವಕ್ಕೂ ಏನೂ ವ್ಯತ್ಯಾಸವಿಲ್ಲ.

ಲಾನಿ ಬಂದು ನೋಡಿದಳು. ಅವಳು ಅಂದದ್ದನ್ನು ನಮ್ಮ ಮಾತಲ್ಲಿ ಹೇಳುವುದಾದರೆ, "ನಿನ್ನನ್ನ ಕೆಲಸಕ್ಕಿಟ್ಕೊಂಡ್ನೋ, ಇಲ್ಲಿ ಅಂಗನವಾಡಿ ತೆಗೆದ್ನೋ?" ಶರ್ವಾಣಿ ಬಿದ್ದು ಬಿದ್ದು ನಕ್ಕಳು. ಆದರೆ ಲಾನಿ ಹೋಗುವಾಗ ನಗಲಿಲ್ಲ. ಈ ತಿಂಗಳೊಳಗೆ ಕರುಗಳು ತಾವಾಗಿ ಒಳಗೆ ಹೋಗದಿದ್ದರೆ ತೊಟ್ಟಿ ಎತ್ತಿಸಿಬಿಡುತ್ತಾಳಂತೆ. ಹಾಗಾದರೆ ನಾನು ವಾಪಸ್ ಬರಬೇಕು. ಅಪ್ಪನ ಮುಂದೆ ಯಾವ ಮುಖ ಇಟ್ಟುಕೊಂಡು ಬರಲಿ?

ತೇಜು


ಬಾಥೆಲ್
13 ಆಗಸ್ಟ್ 2024

ತೇಜು,

ತಪ್ಪು ನಂದೇ ಮಗ. ನಮ್ಮ ಹಟ್ಟಿಯಲ್ಲಿ ಮನೆಗೊಂದು ಕರು, ಅದೂ ಗೂಟಕ್ಕೆ ಕಟ್ಟಿದ ಕರು. ಅದಕ್ಕೆ ಅಂಗೈ ಸರಿಯಾಯಿತು. ಬಯಲಲ್ಲಿ ತಾಯಿ ಜೊತೆ ಓಡಾಡುವ ಮಂದೆಗೆ ನಾನು ಹಟ್ಟಿಯ ಬುದ್ಧಿ ಹೇಳಿಕೊಟ್ಟೆ. ಇನ್ನು ಮೇಲೆ ನನ್ನ ಮಾತು ಕೇಳಬೇಡ, ಲಾನಿಯಮ್ಮನನ್ನೇ ಕೇಳು. ನನ್ನ ಹೆಸರಿನ ಕರು ತಲೆ ಅಲ್ಲಾಡಿಸಿ ತಿನ್ನುತ್ತದೆ ಎಂದು ಓದಿದಾಗ ನಿನ್ನ ಅಮ್ಮ "ಅತ್ತೆ, ಥೇಟ್ ನೀವೇ" ಎಂದಳು. ನಾನೂ ತಲೆ ಅಲ್ಲಾಡಿಸಿದೆ.

ಇನ್ನೊಂದು ಸಂಗತಿ. ನಿನ್ನ ಅಪ್ಪ ಬಾಯಿ ಬಿಟ್ಟ. ಕೈ ತೊಳೆಯುತ್ತಾ, ನಲ್ಲಿಗೆ ಹೇಳುವ ಹಾಗೆ ಹೇಳಿದ.

"ಹೆಸರಿಟ್ಟವಳ ಕೈಲಿ ಲಾರಿ ಹತ್ತಿಸೋಕೆ ಆಗುತ್ತೇನವ್ವ?"

"ನೀನೇ ಕೇಳು ಅವಳನ್ನ" ಎಂದೆ.

ನಲ್ಲಿ ನಿಲ್ಲಿಸಿ ಹೋದ. ಆದರೆ ತೇಜು, ಅವನ ದನಿ ಕೋಪದ್ದಾಗಿರಲಿಲ್ಲ. ಚೇತನನಿಗೆ ಜ್ವರ ಬಂದಾಗ ಹಣೆ ಮುಟ್ಟಿ ನೋಡಿ ಮಾತಾಡುತ್ತಾನಲ್ಲ, ಆ ದನಿ.

ಯಾವ ಮುಖ ಎಂದು ಕೇಳಿದ್ದೀಯ. ನಿನಗೆ ಇರುವುದೊಂದೇ ಮುಖ, ಅದೂ ಅವನದೇ ಅಚ್ಚು. ಆದರೆ ಸೋತು ಬಂದೆ ಎಂದುಕೊಂಡು ಬರಬೇಡ, ಪ್ರಯತ್ನ ಮಾಡು.

ಚಿಕ್ಕತಾಯಮ್ಮ


ಹವಾಯಿ
1 ಸೆಪ್ಟೆಂಬರ್ 2024

ಅಜ್ಜಿ,

ಹೋದವು! ಒಳಗೆ ಹೋದವು!

ಲಾನಿ ಹೇಳಿದ್ದು ಇಷ್ಟೇ. "ನೀನು ಅವುಗಳ ಕಣ್ಣಿಗೆ ಬೀಳಬೇಡ." ನನ್ನ ಬೇಲಿಗೆ ಶರ್ವಾಣಿ ಹೋದಳು, ಅವಳ ಬೇಲಿಗೆ ನಾನು. ದೊಡ್ಡಿ ಸಮೇತ ತೊಟ್ಟಿಯನ್ನು ಹಸುಗಳು ನೀರು ಕುಡಿದು ನೆರಳಿಗೆ ಮಲಗುವ ಜಾಗದ ಪಕ್ಕಕ್ಕೇ ಎಳೆಸಿದೆವು. ತಾಯಿ ಹತ್ತಿರದಲ್ಲೇ ಮಲಗಿದ್ದರೆ ಕರುವಿಗೆ ಧೈರ್ಯವಂತೆ. ಮೊದಲ ದಿನಗಳಲ್ಲಿ ಅವು ನನ್ನ ಟ್ರಕ್ಕಿನ ದಾರಿಯನ್ನೇ ನೋಡುತ್ತಾ ನಿಂತಿದ್ದವಂತೆ. ಶರ್ವಾಣಿ ಹೇಳಿದಾಗ ಹೋಗಿಬಿಡೋಣ ಅನ್ನಿಸಿತು. ಹೋಗಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಕಾಕಂಬಿ ತಾನಾಗಿ ನುಸುಳಿ ತೊಟ್ಟಿಗೆ ಮೂತಿ ಇಟ್ಟನಂತೆ. ಅವನ ಹಿಂದೆ ರಾಗಿ, ರಾಗಿಯ ಹಿಂದೆ ಹೆಸರೇ ಇಲ್ಲದ ಹತ್ತಾರು ಕರುಗಳು. ದೊಡ್ಡಪ್ಪನ ಹೊಟ್ಟೆ ಸಂದಿನಲ್ಲಿ ಸಿಕ್ಕಿಕೊಂಡಿತಂತೆ, ಹಿಂದಿನಿಂದ ಚಿಕ್ಕತಾಯಿ ಗುದ್ದಿ ಒಳಗೆ ನೂಕಿದಳಂತೆ.

ನಾನು ದೂರದ ಗುಡ್ಡದ ಮೇಲಿನಿಂದ ಬೈನಾಕ್ಯುಲರ್ ಹಿಡಿದು ನೋಡುತ್ತೇನೆ. ದಿನಾ ನೋಡುತ್ತೇನೆ. ಅವಕ್ಕೆ ಗೊತ್ತಿಲ್ಲ.

ಅಪ್ಪನಿಗೆ ಇದನ್ನು ಓದಿ ಹೇಳು.

ತೇಜು


ಬಾಥೆಲ್
15 ಅಕ್ಟೋಬರ್ 2024

ತೇಜು,

ಹೋದ ತಿಂಗಳೇ ಬರೆಯಬೇಕಿತ್ತು, ಕೈ ಬೆರಳು ಊದಿಕೊಂಡಿದ್ದವು. ಈಗ ಪರವಾಗಿಲ್ಲ. ಇಲ್ಲಿ ಚಳಿ ಶುರುವಾಗಿದೆ, ದಿನವಿಡೀ ಜಿನುಗುವ ಮಳೆ. ಆಯುಧಪೂಜೆಗೆ ನಿನ್ನ ಅಪ್ಪ ಕಾರಿನ ಚಕ್ರಕ್ಕೆ ನಿಂಬೆಹಣ್ಣಿಟ್ಟ. ಅವನ ಅಳತೆ ಟೇಪು, ನಿನ್ನ ಅಮ್ಮನ ಲ್ಯಾಪ್‌ಟಾಪು, ನನ್ನ ಈಳಿಗೆಮಣೆ ಎಲ್ಲಕ್ಕೂ ಕುಂಕುಮ ಹಚ್ಚಿದೆವು.

ಗುಡ್ಡದ ಮೇಲಿನಿಂದ ನೋಡುತ್ತೇನೆ ಎಂದು ಬರೆದಿದ್ದೆಯಲ್ಲ, ಅದನ್ನು ಓದಿದಾಗ ಅವನು ಉಣ್ಣುವುದನ್ನು ನಿಲ್ಲಿಸಿದ. ಈಗ ಕಾಗದದ ದಾರಿ ಕಾಯುವವನು ಅವನೇ. ಕೆಲಸದಿಂದ ಬಂದವನು ಬೂಟು ಬಿಚ್ಚುವ ಮೊದಲು ಅಂಚೆ ಡಬ್ಬಿ ನೋಡುತ್ತಾನೆ. ಬೂಟು ಚರ್ಮದ್ದೇ, ಅದನ್ನೂ ಒಂದು ದಿನ ಹೇಳಿ ನೋಡಿದೆ. "ಸುಮ್ನಿರವ್ವ" ಎಂದ.

ನಿನ್ನೆ ಕೇಳಿದ, "ಯಾವಾಗ ಕಳಿಸ್ತಾರಂತೆ?" ಯಾವುದನ್ನು ಎಂದು ನಾನು ಕೇಳಲಿಲ್ಲ. ನನಗೂ ಅದೇ ಯೋಚನೆ. ಯಾವಾಗ ಮಗ?

ಚಿಕ್ಕತಾಯಮ್ಮ


ಹವಾಯಿ
12 ನವೆಂಬರ್ 2024

ಅಜ್ಜಿ,

ಈ ಕಾಗದವನ್ನು ಊಟದ ಹೊತ್ತಿನಲ್ಲಿ ಓದಬೇಡ. ನೀನೊಬ್ಬಳೇ ಓದಿಕೋ.

ಕಳೆದ ವಾರ ಹಾಲು ಬಿಡಿಸಿದರು, ನಾನು ಗುಡ್ಡದ ಮೇಲಿಂದಲೇ ನೋಡಿದೆ. ಕರುಗಳು ಬೇಲಿಯ ಈಚೆ, ತಾಯಂದಿರು ಆಚೆ. ಎರಡೂ ಕಡೆಯಿಂದ ಕೂಗು, ಗಂಟಲು ಕಟ್ಟುವವರೆಗೆ ಕೂಗು. ತೊಟ್ಟಿಯ ರೂಢಿ ಇದ್ದ ನನ್ನ ಕರುಗಳು ಪಕ್ಕದ ಬೇಲಿಯವಕ್ಕಿಂತ ಬೇಗ ಸುಮ್ಮನಾಗಿ ಹಿಂಡಿಗೆ ಬಾಯಿ ಹಾಕಿದವು. ತೂಕದಲ್ಲೂ ಮುಂದಿವೆ. ಲಾನಿ ನನ್ನ ಬೆನ್ನು ತಟ್ಟಿ, ಬರುವ ವರ್ಷವೂ ಇರು ಎಂದಳು.

ಹೆಣ್ಣುಗರುಗಳನ್ನು ಇಟ್ಟುಕೊಂಡರು, ಚಿಕ್ಕತಾಯಿ ಇಲ್ಲೇ ಇರುತ್ತಾಳೆ. ಮಾಂಸಕ್ಕೆ ಹೋಗುವ ಗಂಡುಗರುಗಳನ್ನು ಹಡಗಿಗೆ ಸಾಗಿಸಲು ನಿನ್ನೆ ಲಾರಿ ಬಂತು. ಹತ್ತಿಸುವ ಹಲಗೆ ಕಂಡು ಕರುಗಳು ಹೆದರಿ ಹಿಂದೆ ಸರಿದವು. ಒದ್ದರೂ ಹತ್ತಲಿಲ್ಲ. ಆಗ ಲಾನಿ ಅಂದಳು, "ತೇಜು, ನೀನು ಬಾ."

ಅಷ್ಟು ದಿನ ಅವು ನನ್ನನ್ನು ನೋಡಿರಲಿಲ್ಲ ಅಜ್ಜಿ. ಮರೆತಿರುತ್ತವೆ ಅಂದುಕೊಂಡಿದ್ದೆ. ನಾನು ಹಲಗೆಯ ಮೇಲೆ ನಿಂತು ಕೈ ಚಾಚಿದೆ. ಕೈಯಲ್ಲಿ ಏನೂ ಇರಲಿಲ್ಲ. ಕಾಕಂಬಿ ಬಂದ. ಅಂಗೈ ನೆಕ್ಕಿದ. ನಾನು ಒಂದು ಹೆಜ್ಜೆ ಹಿಂದಿಟ್ಟೆ, ಅವನು ಒಂದು ಹೆಜ್ಜೆ ಬಂದ. ಅವನ ಹಿಂದೆ ರಾಗಿ, ದೊಡ್ಡಪ್ಪ, ಎಲ್ಲರೂ. ಬಾಗಿಲು ಹಾಕಿದರು. ಇಷ್ಟು ಸಲೀಸಾಗಿ ಯಾವ ವರ್ಷವೂ ಆಗಿರಲಿಲ್ಲ ಎಂದು ಲಾರಿಯವನು ನನಗೆ ಥ್ಯಾಂಕ್ಸ್ ಹೇಳಿದ.

ಅಪ್ಪ ಹೇಳಿದ್ದೇ ಸರಿ. ಹಾಗೆಂದು ಅವರಿಗೆ ಹೇಳಿಬಿಡು. ನಾನು ಡಿಸೆಂಬರಿಗೆ ವಾಪಸ್ ಬರುತ್ತೇನೆ. ಬಂದ ಮೇಲೆ ಯಾರೂ ಏನೂ ಕೇಳಬೇಡಿ.

ತೇಜು


ಬಾಥೆಲ್
21 ನವೆಂಬರ್ 2024

ನನ್ನ ಬಂಗಾರ,

ಒಬ್ಬಳೇ ಓದಿಕೋ ಎಂದು ನೀನು ಬರೆದಿದ್ದೆ. ನಾನು ಹಾಗೇ ಮಾಡಿದೆ. ಓದಿ, ಮಡಿಸಿ, ದಿಂಬಿನ ಕೆಳಗಿಟ್ಟು, ಕಣ್ಣೊರೆಸಿಕೊಂಡು ಊಟಕ್ಕೆ ಬಂದೆ. ನಿನ್ನ ಅಪ್ಪ ಮುದ್ದೆ ಮುರಿದಿರಲಿಲ್ಲ, ಕಾಯುತ್ತಾ ಕೂತಿದ್ದ.

"ಓದವ್ವ."

"ಏನು ಓದ್ಲಿ? ಕಾಗದ ಬಂದಿಲ್ಲ."

"ಡಬ್ಬಿಯಿಂದ ತಂದು ನಿನ್ನ ಕೈಗೆ ಕೊಟ್ಟವನೇ ನಾನಲ್ವಾ?"

"ಅದು ನನಗೆ ಬರ್ದಿರೋದು."

"ಹಂಗಾದ್ರೆ ಆಗೋಯ್ತು" ಎಂದ. ನಾನು ಬಾಯಿ ಬಿಡುವ ಮೊದಲೇ ಅವನಿಗೆ ಗೊತ್ತಾಗಿತ್ತು. "ಲಾರಿ ಬಂದೋಯ್ತು. ಕೊಡಿಲ್ಲಿ."

ಕೊಟ್ಟೆ ಮಗ, ಕ್ಷಮಿಸು. ಇಷ್ಟು ವರ್ಷ ಕನ್ನಡ ಓದದೆ ಅವನ ಕಣ್ಣಿಗೆ ಅಕ್ಷರ ನಿಧಾನ. ಒಂದೊಂದು ಪದಕ್ಕೂ ಬೆರಳಿಟ್ಟು ಓದಿದ. "ಕೈಯಲ್ಲಿ ಏನೂ ಇರಲಿಲ್ಲ" ಎನ್ನುವ ಕಡೆ ಅವನ ಬೆರಳು ನಿಂತಿತು. ಮುಂದಕ್ಕೆ ಹೋಗಲು ಬಹಳ ಹೊತ್ತು ಹಿಡಿಯಿತು. ನಿನ್ನ ಅಮ್ಮ ಚೇತನನನ್ನು ಮೆಲ್ಲಗೆ ಮಹಡಿಗೆ ಕರೆದುಕೊಂಡು ಹೋದಳು.

ನೀನೇ ಸರಿ ಎಂದು ಮಗಳು ಬರೆದಿದ್ದಾಳೆ, ಗೆದ್ದೆಯಲ್ಲ, ಖುಷಿಯಾಯಿತೇ ಎಂದು ಕೇಳಬೇಕೆಂದು ನನ್ನ ನಾಲಿಗೆ ತುದಿಗೆ ಬಂದಿತ್ತು. ಅವನ ಮುಖ ನೋಡಿ ನುಂಗಿಕೊಂಡೆ. ಎದ್ದು ನಿಂತು, ಜೇಬಿನಿಂದ ಫೋನ್ ತೆಗೆದ. ನಿನ್ನ ನಂಬರು ಹುಡುಕಲೇ ಇಲ್ಲ, ಬೆರಳಿಗೇ ಗೊತ್ತಿತ್ತು.

"ಊಟ ಆಯ್ತಾ?" ಅಂದ. ಆರು ತಿಂಗಳಾದ ಮೇಲೆ ಮಗಳಿಗೆ ಆಡುವ ಮೊದಲ ಮಾತು ನೋಡು. ಫೋನ್ ಕಿವಿಗೆ ಒತ್ತಿ ಹಿಡಿದು ಗೋಡೆ ನೋಡುತ್ತಾ ನಿಂತ. ಆಮೇಲೆ ಅಂದ, "ನಾನು ಸರಿ ಅಂತ ಅನ್ನಿಸ್ಕೊಳ್ಳೋಕೆ ಇಷ್ಟು ದಿನ ಕಾಯ್ತಿದ್ದೆ ಅಂದ್ಕೊಂಡ್ಯಾ? ನಿನಗೆ ಹಿಂಗಾಗುತ್ತೆ ಅಂತಾನೇ ಬೇಡ ಅಂದಿದ್ದು. ನೆಟ್ಟಗೆ ಹೇಳೋಕೆ ಬರ್ಲಿಲ್ಲ, ಬೈದೆ." ನಿನ್ನ ಕಾಗದ ಮಡಿಸಿ ಜೇಬಿಗಿಟ್ಟುಕೊಂಡ. "ಬರೋದಾದ್ರೆ ಬಾ ಮಗಳೇ, ನಾನೇ ಏರ್‌ಪೋರ್ಟಿಗೆ ಬರ್ತೀನಿ. ಇರೋದಾದ್ರೆ ಇರು. ನಾನು ಹೇಳ್ದೆ ಅಂತ ಮಾತ್ರ ಬರ್ಬೇಡ."

ಅಷ್ಟು ಹೇಳಿ, ಜಾಕೆಟ್ಟೂ ಹಾಕಿಕೊಳ್ಳದೆ ಹಿತ್ತಿಲಿಗೆ ಹೋಗಿ ಗಾಜಿನ ಬಾಗಿಲು ಎಳೆದುಕೊಂಡ. ನಾನು ಒಳಗಿನಿಂದ ನೋಡುತ್ತಾ ಕೂತೆ. ಆ ಜಿನುಗು ಮಳೆಯಲ್ಲಿ ಬೇಲಿಯವರೆಗೆ ಹೋಗುತ್ತಾನೆ, ತಿರುಗಿ ಬರುತ್ತಾನೆ. ಮೊದಲು ತಲೆ ತಗ್ಗಿಸಿಕೊಂಡು ಕೇಳುತ್ತಿದ್ದ. ಒಮ್ಮೆ ತೋಳಿನಿಂದ ಮುಖ ಒರೆಸಿಕೊಂಡ, ಮಳೆ ನೀರೇ ಇರಬಹುದು. ಆಮೇಲೆ ಕೈ ಬೀಸಿ ಬೀಸಿ ಏನೋ ವಾದ ಮಾಡಿದ, ಫೋನನ್ನು ಹೆಗಲಿಗೆ ಒತ್ತಿಕೊಂಡು ಎರಡು ಕೈಯಲ್ಲಿ ಕರು ನುಸುಳುವಷ್ಟು ಅಗಲ ತೋರಿಸಿದ, ಫೋನಿಗೆ ಅಗಲ ಕಾಣುತ್ತದೆಯೇ? ಕೊನೆಗೆ ನೀನು ಏನೋ ಅಂದೆ. ಅವನು ನಿಂತಲ್ಲೇ ನಿಂತು, ಆಕಾಶಕ್ಕೆ ಮುಖ ಎತ್ತಿ, ನಕ್ಕುಬಿಟ್ಟ. ಈ ಮನೆಗೆ ಬಂದಮೇಲೆ ಅವನು ಹಾಗೆ ನಕ್ಕದ್ದನ್ನು ನಾನು ನೋಡಿಲ್ಲ.

ತೊಯ್ದು ತೊಪ್ಪೆಯಾಗಿ ಒಳಗೆ ಬಂದ. ಟವೆಲ್ಲು ಕೊಟ್ಟು ಕೇಳಿದೆ, "ಬರ್ತಾಳಂತೋ, ಇರ್ತಾಳಂತೋ? ಏನಂದ್ಲೋ ಅಷ್ಟೊಂದು ನಗೋಕೆ?"

"ಅವಳನ್ನೇ ಕೇಳವ್ವ" ಎಂದು ತಲೆ ಒರೆಸಿಕೊಳ್ಳುತ್ತಾ ತಣ್ಣಗಾದ ಮುದ್ದೆಗೆ ಕೂತ.

ಎರಡು ದಿನವಾಯಿತು, ಎಷ್ಟು ಕೇಳಿದರೂ ಬಾಯಿ ಬಿಡುವುದಿಲ್ಲ. ನನಗೆ ತಡೆಯಲಾಗುತ್ತಿಲ್ಲ ಕಣವ್ವ. ಏನಂದೆ ನೀನು? ಈ ಕಾಗದ ಕೈಸೇರಿದ ದಿನವೇ ಕೂತು ಬರೆ.

ನಿನ್ನ ಅಜ್ಜಿ,
ಚಿಕ್ಕತಾಯಮ್ಮ